ಎತ್ತುಗಳಿಗೆ ಮೋಟಾರಿನ ಪರಿಚಯ

ಅವರ ಬಲಗೈಯ ಹೆಬ್ಬೆರಳು ಹಿಂದಕ್ಕೆ ಬಾಗಿಕೊಂಡಿತ್ತು. ಮೋಟಾರಿನ ಮೂತಿಗೆ ಹ್ಯಾಂಡಲ್ ಹಾಕಿ ತಿರುಗಿಸುವಾಗ ಅದು ಒಮ್ಮೆ ಹಿಂದಕ್ಕೆ ಒದ್ದು ಬೆರಳು ಮುರಿದಿತ್ತಂತೆ. ಕೂಡಿಸಿದವನು ವಾರೆಯಾಗಿ ಕೂಡಿಸಿಬಿಟ್ಟಿದ್ದ. ಆ ಬೆರಳಿನಿಂದ ಅವರು ಮುಂದಿನ ದಾರಿ ತೋರಿಸಿದರೆ ಹೊಸಬರು ಹಿಂದಕ್ಕೆ ತಿರುಗಿ ನೋಡುತ್ತಿದ್ದರು.

ಚಿಕ್ಕವರು ದೊಡ್ಡವರೆನ್ನದೆ ನಾವೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದೆವು. ಮನೆ ಹುಬ್ಬಳ್ಳಿಗೆ ಹತ್ತಿದ ಬೆಂಗೇರಿಯಲ್ಲಿ. ಸ್ವಂತದ್ದೊಂದು ಸರ್ವಿಸ್ ಮೋಟಾರು. ಮಾಲಕರೂ ಅವರೇ, ಡ್ರೈವರೂ ಅವರೇ. ಮಧ್ಯಾಹ್ನ ಹುಬ್ಬಳ್ಳಿ ಬಿಟ್ಟು ನವಲಗುಂದದ ಕಡೆಯ ನಮ್ಮ ಹಳ್ಳಿಗೆ ಬಂದು, ಅಲ್ಲೇ ವಸತಿ ಮಾಡಿ, ಬೆಳಿಗ್ಗೆ ಮಂದಿಯನ್ನು ತುಂಬಿಕೊಂಡು ತಿರುಗಿ ಹೋಗುತ್ತಿದ್ದರು. ನಮ್ಮ ಹಳ್ಳಿ ಎಂದೆನಾದರೂ ಅದು ನನ್ನ ಹುಟ್ಟೂರಲ್ಲ. ನಾನು ಅಲ್ಲಿಯ ಸಾಲೆಯಲ್ಲಿ ಮಾಸ್ತರನಾಗಿದ್ದೆ. ಹೊಸದಾಗಿ ಮದುವೆಯಾಗಿ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದೆ.

ಖಡಿ ಹಾಕಿದ ರಸ್ತೆ ಅರ್ಧ ದಾರಿಗೇ ಮುಗಿಯುತ್ತಿತ್ತು. ಮುಂದೆಲ್ಲ ಕಪ್ಪು ಮಣ್ಣಿನ ಎರೆಭೂಮಿ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಂಥ ಬಿರುಕು, ಒಂದು ಮಳೆ ಬಿದ್ದರೆ ನಾದಿಟ್ಟ ಕಣಕ. ಊರಿನಿಂದ ಒಂದು ಮೈಲಿಯ ಮೇಲೆ ಒಂದು ತಗ್ಗಿತ್ತು. ಮಳೆಗಾಲದಲ್ಲಿ ಮೋಟಾರು ಅಲ್ಲಿ ಕೂತಿತೆಂದರೆ ಕೂತಿತು.

ಮೊದಮೊದಲು ಚಾಚಾ ಆ ತಗ್ಗನ್ನು ಸಾಮಾನಿನಿಂದ ಗೆಲ್ಲಬೇಕೆಂದು ಹೊರಟರು. ಅವರಿಗೆ ಸಾಮಾನಿನ ಹುಚ್ಚು ಬಹಳ. ಮಿರಗದ ಮಳೆ ಹತ್ತಿರ ಬಂತೆಂದರೆ ಹುಬ್ಬಳ್ಳಿಯ ದುರ್ಗದ ಬೈಲಿನ ಅಂಗಡಿ ಅಂಗಡಿ ಏರಿ ಇಳಿಯುವರು. ಒಂದು ಶನಿವಾರ ನಾನೂ ಜೊತೆಗಿದ್ದೆ. ಹಗ್ಗ ಆರಿಸುವುದೆಂದರೆ ಅವರಿಗೆ ಹೆಣ್ಣು ನೋಡಿದಷ್ಟೇ ಹೊತ್ತು ಬೇಕು. ಹುರಿ ಬಿಚ್ಚಿ ಒಳಗಿನ ನಾರು ನೋಡುವರು, ಮೂಗಿಗೆ ಹಿಡಿಯುವರು. ಅಂಗಡಿಯವನಿಗೆ ಬೇಸರ ಬಂದು, "ಚಾಚಾ, ಹಗ್ಗ ಒಯ್ಯಾಕ ಬಂದೀರೋ, ಅತ್ತರ ಒಯ್ಯಾಕ ಬಂದೀರೋ?" ಎಂದ. ಚಾಚಾ ನಗಲಿಲ್ಲ. "ಒಳಗ ಕೊಳತಿದ್ದರ ಕಣ್ಣಿಗೆ ಕಾಣಂಗಿಲ್ಲಪಾ, ಮೂಗಿಗೆ ಗೊತ್ತಾಗತೈತಿ" ಎಂದು ಇನ್ನೊಂದು ಸುರುಳಿ ಎಳೆದುಕೊಂಡರು.

ಹೀಗೆ ಆ ವರ್ಷ ಕೂಡಿಸಿದ್ದು ಒಂದು ದೊಡ್ಡ ಹಗ್ಗ, ಗಾಲಿಗೆ ಸುತ್ತುವ ಕಬ್ಬಿಣದ ಸರಪಳಿ, ಗಾಲಿಯ ಕೆಳಗೆ ಹಾಸಲು ಸಾಗವಾನಿ ಹಲಗೆಗಳು, ಎಳೆಗರುವಿನಷ್ಟು ಭಾರದ ಜಾಕು, ಸನಿಕೆ, ಗುದ್ದಲಿ, ಗೋಣಿಚೀಲ. ಎಲ್ಲವನ್ನೂ ಮೋಟಾರಿನ ತಲೆಯ ಮೇಲೆ ಕಟ್ಟಿದರು. ಮೊದಲ ಮಳೆಗೇ ಮೋಟಾರು ಹಿಂದೆಂದೂ ಹೂತಿರದಷ್ಟು ಆಳ ಹೂತಿತು. ಸರಪಳಿಯ ಸಂದಿಗೆಲ್ಲ ಎರೆಮಣ್ಣು ಮೆತ್ತಿಕೊಂಡು ಗಾಲಿ ಗುಂಡಗಾಗಿ ನುಣ್ಣಗೆ ಜಾರಿತು. ಹಲಗೆ ಕೆಸರಿನೊಳಗೆ ಹೋದದ್ದು ಹೋಗಿಯೇಬಿಟ್ಟಿತು. ಜಾಕು ಮೋಟಾರನ್ನು ಎತ್ತುವ ಬದಲು ತಾನೇ ಕೆಳಗಿಳಿಯಿತು. ಬೆಣ್ಣೆಯ ಗಡಿಗೆ ಹಿಡಿದು ಬದುವಿನ ಮೇಲೆ ಕೂತಿದ್ದ ಒಬ್ಬ ಮುದುಕಿ ಬಹಳ ಹೊತ್ತು ಇದನ್ನೆಲ್ಲ ನೋಡಿ, "ಮ್ಯಾಲಿನ ಸಾಮಾನ ಇಳಿಸಿದರ ಅದು ತಾನ ಏಳತೈತಿ ನೋಡೋ ಯಪ್ಪಾ" ಎಂದಳು. ಇಳಿಸಿದೆವು, ನೂಕಿದೆವು, ಎದ್ದಿತು. ಚಾಚಾ ಕೆಸರಿನಲ್ಲೇ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಮುಂದಿನ ವಾರದಿಂದ ಉಳಿದದ್ದು ಹಗ್ಗ, ಗೋಣಿಚೀಲ ಮತ್ತು ಮಡಗಾರ್ಡಿನಲ್ಲಿ ಸಿಕ್ಕಿದ ಎರೆ ಕೆದರಲು ಒಂದು ಕುರ್ಪಿ.

ಇನ್ನು ಉಳಿದ ಆಸರೆ ಎಂದರೆ ಎತ್ತು. ತಗ್ಗಿಗೆ ಹತ್ತಿದ ಹೊಲ ಒಬ್ಬ ಗೌಡರದು. ಅವರಲ್ಲಿ ಒಳ್ಳೆಯ ಜೋಡಿ ಇತ್ತು. ಆದರೆ ಇಲ್ಲೊಂದು ತೊಡಕು. ಇಂಜಿನ್ ಬಂದ್ ಮಾಡಿ ಎಳೆಸಿದರೆ ಗಾಲಿ ತಾನಾಗಿ ತಿರುಗದು, ಒಂದು ಜೋಡಿಗೆ ಮೋಟಾರು ಜಗ್ಗದು. ಇಂಜಿನ್ ಚಾಲೂ ಮಾಡಿದರೆ ಎತ್ತು ಬೆದರಿ ಕಿತ್ತುಕೊಂಡು ಓಡುವವು. ಒಮ್ಮೆ ಹಾಗೆಯೇ ಆಗಿ ಒಂದು ಎತ್ತು ಮೊಣಕಾಲೂರಿ ಬಿತ್ತು, ಮೋಟಾರಿನೊಳಗಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು. ಗೌಡರು ಸಿಟ್ಟಿನಿಂದ ಹಗ್ಗ ಬಿಚ್ಚಿ ಎಸೆದರು. "ನಿನ್ನ ಮೋಟಾರ ಏಳಾಕ ನನ್ನ ಎತ್ತಿನ ಕಾಲ ಮುರೀಬೇಕೇನು? ಇನ್ನ ನನ್ನ ಹೊಲದ ಕಡೆ ಹಾಯಬ್ಯಾಡ."

ಚಾಚಾ ಕೆಳಗಿಳಿದು, ಬಿದ್ದ ಎತ್ತಿನ ಮೊಣಕಾಲಿನ ಕೆಸರನ್ನು ತಮ್ಮ ರುಮಾಲಿನಿಂದ ಒರೆಸಿ ಬಂದು ಕೂತರು.

ಮುಂದಿನ ಬೇಸಿಗೆಯಲ್ಲಿ, ರಸ್ತೆ ಒಣಗಿ ಕಲ್ಲಾಗಿದ್ದಾಗ, ಅವರು ಒಂದು ಹೊಸ ಪದ್ಧತಿ ಹಿಡಿದರು. ದಿನಾ ಬರುವಾಗ ತಗ್ಗಿನ ಹತ್ತಿರ ಮೋಟಾರು ನಿಲ್ಲಿಸುವರು. ಇಂಜಿನ್ ಬಂದ್ ಮಾಡುತ್ತಿರಲಿಲ್ಲ. ಅದು ಗಡಗಡ ಎನ್ನುತ್ತಿರುವಾಗಲೇ ಇಳಿದು, ಅಂಗೈಯಲ್ಲಿ ಹತ್ತಿಕಾಳು ಹಿಡಿದು, ಎತ್ತುಗಳ ಹತ್ತಿರ ಹೋಗಿ ನಿಲ್ಲುವರು. ಮೊದಲ ದಿನ ಅವು ದೂರದಿಂದಲೇ ಹಗ್ಗ ಜಗ್ಗಿ ಕುಣಿದವು. ದಿನ ಕಳೆದಂತೆ ಮೂಗು ಚಾಚಿದವು. ಅವುಗಳೊಂದಿಗೆ ಅರ್ಧ ಉರ್ದು, ಅರ್ಧ ಕನ್ನಡದಲ್ಲಿ ಏನೇನೋ ಮಾತು. ಮೋಟಾರಿನೊಳಗೆ ಬೇಯುತ್ತಿದ್ದ ನಾವು ಗೊಣಗಿದರೆ, "ಪರಿಚಯ ಆಗಲಿ, ತಡೀರಿ" ಎನ್ನುವರು. ಗೌಡರ ಸಿಟ್ಟೂ ಎಷ್ಟು ದಿನ ನಿಂತೀತು? "ದಿನಾ ಬರ್ತಾನ ನೋಡ್ರಿ, ಬೀಗತನ ಮಾಡಾಕ ಬಂದಂಗ" ಎಂದು ನಮಗೆ ಹೇಳಿ ನಗುವರು. ಮುಂದೆ ಒಂದು ದಿನ ತಾವೇ ಎತ್ತುಗಳಿಗೆ ಖಾಲಿ ನೊಗ ಕಟ್ಟಿ ಮೋಟಾರಿನ ಮುಂದೆ ಅಡ್ಡಾಡಿಸಿದರು.

ಮಳೆಗಾಲ ಹಿಡಿಯುವ ಹೊತ್ತಿಗೆ ಬಸುರಿಯಾಗಿದ್ದ ನನ್ನ ಹೆಂಡತಿಗೆ ಎಂಟು ತಿಂಗಳು ತುಂಬಿತ್ತು. ತವರಿಗೆ ಕಳಿಸಲು ದಿನ ನೋಡಿಟ್ಟಿದ್ದೆವು. ಅಷ್ಟರಲ್ಲೇ ಅವಳ ಕಾಲು ಬಾತವು, ತಲೆ ಸಿಡಿಯತೊಡಗಿತು, ಒಂದು ಬೆಳಿಗ್ಗೆ ಕಣ್ಣ ಮುಂದೆ ಮಂಜು ಮಂಜು ಎಂದಳು. ಸೂಲಗಿತ್ತಿ ಬಂದು ನೋಡಿ ಹೊರಗೆ ಬಂದಳು. "ಇದು ನನ್ನ ಕೈಯಾಗಿನ ಮಾತಲ್ಲರಿ, ಮಾಸ್ತರ್ರ. ಲಗೂ ಹುಬ್ಬಳ್ಳಿ ದವಾಖಾನಿಗೆ ಒಯ್ರಿ. ಆದರ ಜೋಲಿ ಹೊಡೀದಂಗ ಒಯ್ರಿ."

ಚಕ್ಕಡಿಯಲ್ಲಿ ಹೋದರೆ ದಿನವೆಲ್ಲ ಬೇಕು, ಮೈ ಮೂಳೆಯೆಲ್ಲ ಅಲುಗುತ್ತದೆ. ಚಾಚಾನ ಮೋಟಾರು ಊರಲ್ಲೇ ಇತ್ತು, ಆದರೆ ಹಿಂದಿನ ದಿನ ಸಂಜೆಯಿಂದ ಮಳೆ ಹೊಡೆದಿತ್ತು. ಚಾಚಾ ಉಳಿದ ಮಂದಿಗೆ ಇವತ್ತು ಮೋಟಾರಿಲ್ಲ ಎಂದು ಹೇಳಿ, ಸೀಟಿನ ಮೇಲೆ ತಮ್ಮ ಹಾಸಿಗೆ ಹಾಸಿ, ಅವಳನ್ನು ಮಲಗಿಸಿದರು. ಸೂಲಗಿತ್ತಿ ತಲೆಯ ಹತ್ತಿರ ಕೂತಳು. ನಡಿಗೆಯ ವೇಗದಲ್ಲಿ ಹೊರಟೆವು.

ತಗ್ಗಿನಲ್ಲಿ ಹಿಂದಿನ ಗಾಲಿ ಇಳಿಯಿತು. ಕುರ್ಪಿ ಹಿಡಿದು ನಾನು ಕೆದರಿದೆ, ಗೋಣಿಚೀಲ ತುರುಕಿದೆ. ಗಾಲಿ ಚೀಲವನ್ನು ನುಂಗಿ ಮತ್ತೆ ಇಳಿಯಿತು. ಒಳಗಿನಿಂದ ಸೂಲಗಿತ್ತಿ, "ಕಣ್ಣ ಮ್ಯಾಲೆ ಮಾಡಾಕತ್ತಾಳ" ಎಂದಳು.

ಗೌಡರು ಹೊಲದಿಂದಲೇ ನೋಡಿದ್ದರು. ಯಾರೂ ಕರೆಯುವ ಮೊದಲೇ ಜೋಡಿ ಹೊಡೆದುಕೊಂಡು ಬಂದರು. ಚಾಚಾ ಹಗ್ಗ ಕಟ್ಟಿ, ಎರಡು ಸಲ ಗಂಟು ನೋಡಿ, ಎತ್ತುಗಳ ಕೊರಳ ಕೆಳಗಿನ ಗಂಗೆದೊಗಲು ಸವರಿ, ಗೌಡರಿಗೆ ಇಷ್ಟೇ ಹೇಳಿದರು: "ಜಗ್ಗಸಬ್ಯಾಡ್ರಿ ಗೌಡರ. ನಡಸ್ರಿ."

ಆಮೇಲೆ ಹ್ಯಾಂಡಲ್ ತಿರುಗಿಸಿದರು. ಇಂಜಿನ್ ಗಡಗಡ ಎಂದಿತು. ನಾನು ಎತ್ತುಗಳನ್ನೇ ನೋಡುತ್ತಿದ್ದೆ. ಅವುಗಳ ಕಿವಿ ಹಿಂದಕ್ಕೆ ಹೊರಳಿದವು, ಅಷ್ಟೇ. ಕಾಲು ಕದಲಲಿಲ್ಲ. ಚಾಚಾ ಒಳಗೆ ಕೂತು ತಲೆ ಹೊರಗೆ ಹಾಕಿ ನಾಲಿಗೆಯಿಂದ ಟಕ್ ಎಂದರು, ಗೌಡರು ಬಾರುಕೋಲು ಎತ್ತದೆ ಮುಂದೆ ನಡೆದರು, ಎತ್ತುಗಳು ಅವರ ಹಿಂದೆ ನಡೆದವು. ಹಗ್ಗ ಬಿಗಿದುಕೊಂಡಿತು. ಗಾಲಿ ಮೆಲ್ಲಗೆ ತಿರುಗಿತು. ಒಂದು ಜೋಲಿ ಇಲ್ಲ, ಒಂದು ಧಕ್ಕೆ ಇಲ್ಲ. ತೊಟ್ಟಿಲನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಒಯ್ದ ಹಾಗೆ ಮೋಟಾರು ಮೇಲೆ ಬಂದು ಗಟ್ಟಿ ನೆಲದ ಮೇಲೆ ನಿಂತಿತು.

"ನೆಲ ಬಂತವ್ವಾ," ಎಂದರು ಚಾಚಾ, ಹಿಂದೆ ತಿರುಗದೆ. "ಇನ್ನ ಹೆದರಬ್ಯಾಡ."

ಅದೇ ಸಂಜೆ ಹುಬ್ಬಳ್ಳಿಯ ದವಾಖಾನೆಯಲ್ಲಿ ನನ್ನ ಮಗಳು ಹುಟ್ಟಿದಳು. ಅಂಗೈಯಷ್ಟು ಕೂಸು. ತಾಯಿಯೂ ಉಳಿದಳು. ನಾನು ಚಾಚಾನ ಕೈ ಹಿಡಿದು ಏನೋ ಹೇಳಲು ಹೋದರೆ ಅವರು ಬಿಡಿಸಿಕೊಂಡು, "ನನಗ ಹೇಳಿದರ ಏನಾತು, ಎತ್ತಿಗೆ ಹೇಳ್ರಿ" ಎಂದರು. ಹೇಳಿ ಬಂದೆ, ಒಂದು ಚೀಲ ಹತ್ತಿಕಾಳಿನ ಸಮೇತ. ಮಗಳಿಗೆ ಐದು ತಿಂಗಳಾದಾಗ ಚಾಚಾ ಅವಳನ್ನು ಎತ್ತಿಕೊಂಡು ಚಾಲೂ ಇದ್ದ ಇಂಜಿನ್ನಿನ ಹತ್ತಿರ ಹೋಗಿ ನಿಂತರು. ಕೂಸು ಬೆಚ್ಚಲಿಲ್ಲ. ಅವರಿಗೆ ಆದ ಹೆಮ್ಮೆ ಎಂಥದು!

ಮುಂದೆ ಕೆಲವು ವರ್ಷಕ್ಕೆ ಮಹಾಯುದ್ಧ ಬಂತು, ಪೆಟ್ರೋಲು ಸಿಗದಾಯಿತು. ಮೋಟಾರು ಬೆಂಗೇರಿಯ ಮನೆಯ ತಗಡಿನ ಚಪ್ಪರದ ಕೆಳಗೆ ನಿಂತುಬಿಟ್ಟಿತು. ಅಷ್ಟರಲ್ಲಿ ನನಗೂ ಹುಬ್ಬಳ್ಳಿಗೆ ವರ್ಗವಾಗಿತ್ತು. ರವಿವಾರ ರವಿವಾರ ಹೋಗಿ ಅವರ ಹತ್ತಿರ ಕೂಡುತ್ತಿದ್ದೆ. ಒಂದು ಆಷಾಢದಲ್ಲಿ, ಎರಡೇ ದಿನ ಮಲಗಿ, ಅವರು ಹೋದರು.

ಮಣ್ಣು ಮಾಡುವಾಗ ನಾನು ಹಿಂದೆ ನಿಂತಿದ್ದೆ. ಅವರ ಮಗ ಬಂದು, "ಬರ್ರಿ ಮಾಸ್ತರ್ರ, ನೀವೂ ಹಾಕ್ರಿ" ಎಂದು ಕೈ ಹಿಡಿದು ಮುಂದೆ ಕರೆದೊಯ್ದ. ಮೂರು ಹಿಡಿ ಹಾಕಿದೆ. ಮಳೆ ಕುಡಿದ ಮಣ್ಣು, ಅರ್ಧ ಗೋರಿಗೆ ಬಿತ್ತು, ಅರ್ಧ ನನ್ನ ಅಂಗೈಗೇ ಹತ್ತಿಕೊಂಡಿತು.

ಮನೆಗೆ ಬಂದು ಬಾಗಿಲ ಹೊರಗೆ ನಿಂತೆ. ಒಳಗಿನಿಂದ ಮಗಳು ತಂಬಿಗೆ ತಂದು, ಏನೂ ಕೇಳದೆ, ನನ್ನ ಕೈ ಮೇಲೆ ನೀರು ಹಾಕತೊಡಗಿದಳು. ಸಾಕು ಎನ್ನುವತನಕ ಹಾಕುತ್ತಲೇ ಇದ್ದಳು. ನನಗೆ ಸಾಕು ಎನ್ನಲು ಬಹಳ ಹೊತ್ತು ಬೇಕಾಯಿತು.