ನಗುತ್ತಾ ಹೇಳಿ, ಅಕ್ಕಾ

ತಮಿಳು ಸೀಮೆಯ ಶರವಣಂಪಟ್ಟಿಯಲ್ಲಿರುವ ನಮ್ಮ ಸಾಫ್ಟ್‌ವೇರ್ ಕಂಪನಿಗೆ ವರ್ಷಕ್ಕೊಮ್ಮೆ ಸಮಾಜಸೇವೆಯ ಜ್ವರ ಬರುತ್ತದೆ. ಆ ಸಲದ ಜ್ವರಕ್ಕೆ ಸಿಕ್ಕಿಕೊಂಡವರು ಸಿಂಗಾನಲ್ಲೂರಿನ ಒಂದು ವಠಾರದ ಜನ. ಮಿಲ್ಲು ಮುಚ್ಚಿ ಕೆಲಸ ಹೋಗಿತ್ತು, ಬಾಡಿಗೆ ನಿಂತಿತ್ತು, ಇವತ್ತೋ ನಾಳೆಯೋ ಮನೆ ಬಿಡಬೇಕಾದವರು. ಅವರಿಗೆಲ್ಲ ಕೆಲಸ ಸಿಗುವಂತೆ ಮಾಡಲು ನಾಲ್ಕು ಶನಿವಾರಗಳ ತರಬೇತಿ. ನನ್ನ ಪಾಲಿಗೆ ಬಂದ ಪಾಠ ‘ಸಂದರ್ಶನದಲ್ಲಿ ಗೆಲ್ಲುವ ಮನೋಭಾವ’. ನಾನು ಜನ್ಮದಲ್ಲಿ ಎದುರಿಸಿದ್ದು ಒಂದೇ ಸಂದರ್ಶನ. ಅದಕ್ಕೂ ಕಂಪನಿಯವರೇ ಕಾಲೇಜಿಗೆ ಬಂದಿದ್ದರು. ಆದರೂ ಪಾಠ ಹೇಳಲು ನಾಚಿಕೆಯಾಗಲಿಲ್ಲ. ಕಂಪನಿಯವರು ಒಂದು ಹಳದಿ ಟೀ ಶರ್ಟು ಕೊಟ್ಟಿದ್ದರು. ಅದನ್ನು ಹಾಕಿಕೊಂಡರೆ ನಾಚಿಕೆ ಹತ್ತಿರ ಸುಳಿಯುವುದಿಲ್ಲ.

ಮುಂದಿನ ಸಾಲಿನಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು ಕೂರುತ್ತಿದ್ದರು. ಗಂಡ ತೀರಿಕೊಂಡಿದ್ದ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಬಟ್ಟೆಯ ಕುಂದು ನೋಡುವ ಕೆಲಸ ಮಾಡಿದವರು. ನಾನು ಫೋನಿನಲ್ಲಿ ದಾವಣಗೆರೆಯ ಅಮ್ಮನ ಜೊತೆ ಮಾತಾಡಿದ್ದು ಅವರ ಕಿವಿಗೆ ಬಿತ್ತು. “ತಂಬೀ, ನೀ ಕನ್ನಡವಾ? ನಮ್ಮ ಮನೇಲೂ ಕನ್ನಡವೇ!”

ನನ್ನ ಎದೆ ಉಬ್ಬಿತು. ಮುಂದಿನ ವಾರ ಇಡೀ ಪಾಠವನ್ನು ಕನ್ನಡದಲ್ಲಿ ಟೈಪು ಮಾಡಿಸಿ ತಂದುಕೊಟ್ಟೆ. ಅವರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಅಕ್ಷರ ರೊಂಬ ಚೆನ್ನಾಗದೆ. ಓದಕ್ಕೆ ಬರಲ್ಲ ತಂಬಿ, ನಾವು ಓದಿದ್ದೆಲ್ಲ ತಮಿಳು” ಅಂದರು. ಆಮೇಲೆ ಅದರಲ್ಲಿ ಅತ್ತೆಗೆ ನಾಲ್ಕು ಬಿಸ್ಕತ್ತು ಕಟ್ಟಿಕೊಂಡರು. ನನ್ನ ಪಾಠದಿಂದ ಯಾರಿಗಾದರೂ ಆದ ಉಪಕಾರ ಅದೊಂದೇ.

“ನಿಮ್ಮ ಬಗ್ಗೆ ಹೇಳಿ ಅಂದರೆ ಏನು ಹೇಳ್ತೀರಿ?” ಎಂದು ಕೇಳಿದೆ.

“ಒಂದನೇ ತೇದಿ ಒಳಗೆ ವೇಲೆ ಸಿಗದಿದ್ರೆ ಮನೆ ಹೋಗುತ್ತೆ. ಅತ್ತೇನ ಎತ್ಕೊಂಡು ಎಲ್ಲಿಗೆ ಹೋಗಲಿ?”

“ಕಷ್ಟ ಹೇಳಿಕೊಂಡರೆ ಯಾರೂ ಕೆಲಸ ಕೊಡಲ್ಲ ಅಕ್ಕಾ. ಹೇಳಲೇಬೇಕಾದರೆ ನಗುತ್ತಾ ಹೇಳಿ.”

ಮೂರು ಸಲ ನಗುತ್ತಾ ಹೇಳಿಸಿದೆ. ಮೂರನೇ ಸಲ ಚೆನ್ನಾಗಿ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೇ ನಿಯಮವನ್ನೂ ಹೇಳಿಕೊಟ್ಟೆ: ಯಾರಲ್ಲೂ ಯಾವುದರಲ್ಲೂ ತಪ್ಪು ಹುಡುಕಬಾರದು, ಕೇಳಿದರೆ ‘ಎಲ್ಲ ಚೆನ್ನಾಗಿದೆ’ ಅನ್ನಬೇಕು. ಹೊಟ್ಟೆಗೆ ಹಿಟ್ಟಿಲ್ಲದವರ ಜುಟ್ಟಿಗೆ ಮಲ್ಲಿಗೆ ಮುಡಿಸುವುದು ಅಂದರೆ ಇದೇ.

ತಿಂಗಳ ಕೊನೆಗೆ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸ ಇದೆ ಎಂದು ತಿಳಿಯಿತು. ಹೊಲಿದು ಬಂದ ಬನಿಯನ್ನುಗಳನ್ನು ಬೆಳಕಿಗೆ ಹಿಡಿದು, ತೂತು, ಕಲೆ, ತಪ್ಪಿದ ಹೊಲಿಗೆ ಕಂಡಲ್ಲಿ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು. ಕಂಪನಿ ಬಸ್ಸು ಸಿಂಗಾನಲ್ಲೂರಿಗೇ ಬರುತ್ತದೆ. ಕೆಲಸದ ಚೀಟಿ ತಂದು ತೋರಿಸಿದರೆ ಇನ್ನೊಂದು ತಿಂಗಳು ಕಾಯುತ್ತೇನೆ ಎಂದು ಮನೆ ಮಾಲೀಕ ಒಪ್ಪಿದ್ದ. ಅಕ್ಕ ಹೋದರು. ಸಂಜೆ ಬರಿಗೈಯಲ್ಲಿ ಬಂದರು.

ನಾನು ಅಲ್ಲಿನ ಮೇಲ್ವಿಚಾರಕಿಗೆ ಫೋನು ಮಾಡಿದೆ. ಆಕೆ ತಮಿಳಿನಲ್ಲಿ ಸಿಡಿದರು: “ಮೂವತ್ತು ಪೀಸು ಕೊಟ್ಟೆ, ಬೇಕಂತಲೇ ತೂತಿನವನ್ನೂ ಸೇರಿಸಿದ್ದೆ. ಆಯಮ್ಮ ಎಲ್ಲ ನೋಡಿ ನಕ್ಕು, ‘ಎಲ್ಲ ಚೆನ್ನಾಗಿದೆ ಮೇಡಂ’ ಅಂತಾರೆ! ಒಂದು ಸ್ಟಿಕ್ಕರೂ ಅಂಟಿಸಿಲ್ಲ. ಕಣ್ಣು ಕಾಣುತ್ತಾ ಅವರಿಗೆ?”

ಒಂದನೇ ತಾರೀಖಿಗೆ ಮೂರೇ ದಿನ ಇತ್ತು. ಮಾರನೇ ದಿನ ರಜೆ ಹಾಕಿ ಅವರನ್ನು ಕರೆದುಕೊಂಡು ಬಸ್ಸು ಹತ್ತಿದೆ.

“ತೂತು ಕಾಣಿಸಲಿಲ್ವಾ ಅಕ್ಕಾ?”

“ಕಾಣದೇ ಏನು? ಏಳು ಪೀಸು. ನೀನೇ ಅಲ್ವಾ ತಪ್ಪು ಹೇಳಬಾರದು ಅಂದಿದ್ದು? ಓದಿದವನು ಹೇಳ್ತಾನೆ, ಸರಿಯೇ ಇರುತ್ತೆ ಅಂದ್ಕೊಂಡೆ.”

ತಿರುಪ್ಪೂರು ಬರುವಷ್ಟರಲ್ಲಿ ಕ್ಷಮೆಯ ನಾಲ್ಕು ಮಾತನ್ನು ತಮಿಳಿನಲ್ಲಿ ಬಾಯಿಪಾಠ ಮಾಡಿಕೊಂಡೆ.

ಮೇಲ್ವಿಚಾರಕಿಯ ಮುಂದೆ ನನ್ನ ಹರಕು ತಮಿಳಿನಲ್ಲಿ ತಪ್ಪೊಪ್ಪಿಕೊಂಡೆ. ತಪ್ಪು ಇವರದಲ್ಲ, ಹೇಳಿಕೊಟ್ಟವನು ನಾನು ಅಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮರ್ಯಾದೆ ಸಿಗಲೆಂದು ನಾನು ಆ ಹಳದಿ ಟೀ ಶರ್ಟನ್ನೇ ಹಾಕಿಕೊಂಡು ಹೋಗಿದ್ದೆ. ಎದೆಯ ಮೇಲೆ ದೊಡ್ಡ ನಗುವಿನ ಚಿತ್ರ.

“ಪೀಸು ಯಾಕೆ? ಇವರ ಶರ್ಟನ್ನೇ ಚೆಕ್ ಮಾಡಿ” ಎಂದು ಮೇಲ್ವಿಚಾರಕಿ ಅಕ್ಕನಿಗೆ ಹೇಳಿದರು.

ಅಕ್ಕ ಒಮ್ಮೆ ನನ್ನ ಮುಖ ನೋಡಿದರು. “ಹೇಳಿ ಅಕ್ಕಾ, ಎಲ್ಲ ಹೇಳಿ” ಅಂದೆ. ಅಷ್ಟೇ ಸಾಕಾಯಿತು. ನನ್ನ ತೋಳು ಎತ್ತಿ, ಭುಜ ಹಿಡಿದು ಗರಗರ ತಿರುಗಿಸಿದರು. ಕತ್ತಿನ ಪಟ್ಟಿ ಸೊಟ್ಟ, ಒಂದು ಬಾಣ. ಕಂಕುಳಲ್ಲಿ ಹೊಲಿಗೆ ಬಿಟ್ಟಿದೆ, ಒಂದು ಬಾಣ. ಬೆನ್ನಲ್ಲಿ ಮೆಷಿನ್ನಿನ ಎಣ್ಣೆ ಕಲೆ. ಬಲತೋಳಿನ ಹಳದಿಯೇ ಬೇರೆ, ಎಡತೋಳಿನದೇ ಬೇರೆ. ಒಂದು ತಿಂಗಳು ಹಾಕಿಕೊಂಡು ಮೆರೆದಿದ್ದೇನೆ, ನನಗೆ ಒಂದೂ ಕಂಡಿರಲಿಲ್ಲ.

“ಸಾಕು, ಸಾಕು. ನಾಳೆಯಿಂದ ಬನ್ನಿ” ಎಂದು ಮೇಲ್ವಿಚಾರಕಿ ಚೀಟಿ ಬರೆದುಕೊಟ್ಟರು. ಅಕ್ಕ ಅದನ್ನು ಎರಡು ಸಲ ಓದಿ, ಮಡಿಸಿ, ಸೆರಗಿನ ತುದಿಗೆ ಗಂಟು ಹಾಕಿದರು. ನಾನು ಹೊರಡಲು ಬಾಗಿಲ ಕಡೆ ತಿರುಗಿದೆ.

“ಇರು ತಂಬಿ, ಇನ್ನೊಂದು ಬಾಕಿ ಅದೆ.”

ಮೇಜಿನಿಂದ ಇನ್ನೊಂದು ಬಾಣ ಕಿತ್ತು ತಂದು, ನನ್ನ ಎದೆಯ ಮೇಲಿನ ನಗುವಿಗೆ ಸರಿಯಾಗಿ ಗುರಿಯಿಟ್ಟು ಅಂಟಿಸಿ, ಹೆಬ್ಬೆರಳಿನಿಂದ ಒತ್ತಿದರು.

“ಮನೆ ಹೋಗುತ್ತೆ ಅಂದೆ ನಾನು. ನಗ್ತಾ ಹೇಳು ಅಂದೆ ನೀನು. ಅದು ರಿಜೆಕ್ಟು.”

ಹಾಗೆ ಹೇಳುವಾಗ ಅವರು ನಗಲಿಲ್ಲ.