ಮಳೆ ಇಳಿಸಿದ್ದು

ಮೋಡಗಳಿಗೂ ಮೇಲೆ, ವಾಯುಮಂಡಲದ ಎತ್ತರದ ಪದರದಲ್ಲಿ ತೇಲುವ ಕಣಗಳನ್ನು ಉಪಗ್ರಹದಿಂದ ಅಳೆಯುವುದು ನನ್ನ ಕೆಲಸ. ಭೂಮಿಯ ಅಂಚಿನಲ್ಲಿ ಹಾದುಬರುವ ಬಿಸಿಲು ಎಷ್ಟು ಮಂಕಾಗಿದೆ ಎಂದು ನೋಡಿ ಲೆಕ್ಕ ಹಾಕುತ್ತೇವೆ.

ಮುಳಬಾಗಿಲಿನ ಹತ್ತಿರದ ನಮ್ಮೂರಿನಲ್ಲಿ ಅಕ್ಕನ ಚಿತೆ ಉರಿಯುತ್ತಿದ್ದ ಸಂಜೆ, ಹಿತ್ತಿಲಲ್ಲಿ ನಿಂತು ಅಮ್ಮ ಕೇಳಿದಳು: “ಆ ಹೊಗೆ ನೀನು ನೋಡೋ ಎತ್ತರಕ್ಕೆ ಹೋಗ್ತದೇನೇ?”

ಹೂಂ ಅಂದುಬಿಡಬಹುದಿತ್ತು. ಹಾಳು ಓದು, ಬಾಯಿಗೆ ನಿಜವೇ ಬಂತು.

“ಇಲ್ಲಮ್ಮ. ಜ್ವಾಲಾಮುಖಿ ಸಿಡಿದ್ರೆ ಅಲ್ಲಿಗೆ ಹೋಗಿ ವರ್ಷಗಟ್ಟಲೆ ನಿಲ್ತದೆ. ಈ ಹೊಗೆ ಕೆಳಗೇ ಇದ್ದು ಮಳೆ ಜೊತೆ ಇಳಿದುಬಿಡ್ತದೆ.”

“ಇಲ್ಲಿಗೇನಾ?”



ವಾರದೊಳಗೆ ಮಳೆ ಬಂತು. ಸೂತಕವೆಂದರೆ ಮನೆಯಲ್ಲಿ ಸಾಕಿದ ರೇಷ್ಮೆಹುಳುಗಳ ಹಸಿವು ಕೇಳುತ್ತದೆಯೇ? ಒದ್ದೆ ಸೊಪ್ಪು ತಿಂದರೆ ಅವಕ್ಕೆ ರೋಗ. ಮಳೆ ಬಂದಾಗಲೆಲ್ಲ ಅಮ್ಮ, ಅಕ್ಕ ಎದುರುಬದುರು ಕೂತು ಹಿಪ್ಪುನೇರಳೆ ಎಲೆಗಳನ್ನು ಹಳೆಬಟ್ಟೆಯಿಂದ ಒರೆಸುತ್ತಿದ್ದರು. ಅಂದು ಅಮ್ಮ ಒಬ್ಬಳೇ ಕೂತಳು. ಅಕ್ಕನ ಸೀರೆ ತಂದು, ಒಂದೊಂದೇ ಎಲೆಯನ್ನು ನಿಧಾನವಾಗಿ ಒರೆಸಿದಳು.

ಒಗೆದುಹಾಕೋಣವೆಂದು ನಾನು ಮಳೆನೀರು ಹೀರಿದ ಸೀರೆಗೆ ಕೈಹಾಕಿದೆ.

“ಬಿಡೇ!” ಎಂದು ಕಿತ್ತುಕೊಂಡವಳು, ಅದನ್ನು ಒದ್ದೆಯಾಗಿಯೇ ಮಡಚಿ ಮಡಿಲಲ್ಲಿಟ್ಟುಕೊಂಡಳು.