ಸೈರನ್ನಿನ ಹಿಡಿಕೆ

ಊರು ಇನ್ನೂ ಎದ್ದಿಲ್ಲ. ಬಯಲಿನ ಮಂಜು ಗ್ಯಾರೇಜಿನ ಬಾಗಿಲವರೆಗೂ ಬಂದು ನಿಂತಿದೆ. ಒಳಗೆ ನಿಲ್ಡಾ ಎಚೆಗರಾಯ್ ರೇಸ್ ಕಾರಿನ ಇಂಜಿನ್ನಿನ ಮೇಲೆ ಬಾಗಿ ಬೋಲ್ಟುಗಳನ್ನು ಬಿಗಿಯುತ್ತಿದ್ದಾರೆ. ಪಕ್ಕದ ಡ್ರಮ್ಮಿನ ಮೇಲೆ ಕುಡಿಯಲು ಇಟ್ಟ ‘ಮಾತೆ’ ಎಂಬ ಎಲೆಯ ಕಷಾಯ ಆರುತ್ತಿದೆ. ನಾಳೆ ನಮ್ಮೂರಿನ ಟ್ರ್ಯಾಕಿನಲ್ಲೇ ರೇಸು; ಊರಿನ ಪತ್ರಿಕೆಗೆ ಬರೆಯಲು ನಾನು ಬಂದಿದ್ದೇನೆ.

ಐವತ್ತೆಂಟರ ನಿಲ್ಡಾ ಈ ಕೆಲಸ ಕಲಿತದ್ದು ಅಪ್ಪನ ಬೈಗುಳ ತಿನ್ನುತ್ತಾ. ಕಾರಿನ ಬಾಗಿಲ ಮೇಲೆ ಓಡಿಸುವವನ ಹೆಸರಿದೆ, ಹಣ ಕೊಟ್ಟ ಮಾಂಸದಂಗಡಿಯ ಹೆಸರಿದೆ, ಬೇಕರಿಯದೂ ಇದೆ, ಇವರದಿಲ್ಲ. "ಬಾನೆಟ್ ಮುಚ್ಚಿದ್ಮೇಲೆ ನನ್ನ ಕೆಲಸ ಯಾರಿಗೂ ಕಾಣಬಾರ್ದು. ಕಂಡ್ರೆ ಹೊಗೆ ಬಂತು ಅಂತ್ಲೇ ಅರ್ಥ" ಎಂದು ನಗುತ್ತಾರೆ.

ನಮ್ಮೂರ ಕಾರು ಗೆದ್ದರೆ ಅಗ್ನಿಶಾಮಕ ಠಾಣೆಯ ಹಳೆಯ ಕೈಸೈರನ್ ಕೂಗಬೇಕು. ಬೆಂಕಿಗೆ ಬೇರೆ ಇದೆ, ಇದು ಗೆಲುವಿಗೆ ಮಾತ್ರ. ಎರಡು ವರ್ಷದ ಹಿಂದೆ, ಕಾರು ಮುಂದಿದೆ ಎಂದು ರೇಡಿಯೊದಲ್ಲಿ ಕೇಳಿದ್ದೇ ತಡ, ಠಾಣೆಯ ಸ್ವಯಂಸೇವಕ ಓಸ್ಮಾರ್ ಸೈರನ್ನಿನ ಹಿಡಿಕೆ ತಿರುಗಿಸಿಬಿಟ್ಟರು. ಜನ ಬೀದಿಗೆ ಬಂದು ಅಪ್ಪಿಕೊಂಡು ಅತ್ತರು. ಕೊನೆಯ ಸುತ್ತಿನಲ್ಲಿ ಇಂಜಿನ್ ಒಡೆಯಿತು.

ಓಸ್ಮಾರ್ ನಿಲ್ಡಾರ ಗಂಡ. "ಒಂದು ವಾರ ಅವನಿಗೆ ಮಾತೆ ಮಾಡಿ ಕೊಡ್ಲಿಲ್ಲ. ಆದ್ರೆ ತಪ್ಪು ಅವನೊಬ್ಬಂದೇನಾ? ಗೆಲ್ಲಲೇಬೇಕು ಅಂತ ಇಂಜಿನ್ನಿನ ಜೀವ ಹಿಂಡಿದ್ದು ನಾನು." ಅಂದಿನಿಂದ ಆ ಸೈರನ್ನಿನ ಹಿಡಿಕೆ ಇಲ್ಲಿ, ಗ್ಯಾರೇಜಿನ ಮೊಳೆಗೆ ನೇತುಬಿದ್ದಿದೆ. ತಂಡದ ಗುರಿ ಹೇಳುವವರೂ ಇವರೇ. ನಾಳೆಯದು ಐದನೇ ಸ್ಥಾನ. ಬೇರೆ ಇಂಜಿನ್ ಇಲ್ಲ. ಇದು ಒಡೆದರೆ ಈ ವರ್ಷದ ಓಟವೇ ಮುಗಿಯಿತು.

ಕಾರು ಓಡಿಸುವ ರಾಮಿರೊ, ನಿಲ್ಡಾರ ತಂಗಿಯ ಮಗ, ಕಣ್ಣುಜ್ಜುತ್ತಾ ಬರುತ್ತಾನೆ.

"ದೊಡ್ಡಮ್ಮಾ, ಐದನೇದಕ್ಕೆ ಹೆಲ್ಮೆಟ್ ಯಾಕೆ? ಹುಲ್ಲಿನ ಟೋಪಿ ಸಾಕು."

"ಆವತ್ತು ಗೆಲ್ತೀನಿ ಅಂತ ಹೋದೋನು ಟ್ರ್ಯಾಕ್ಟರ್‌ಗೆ ಕಟ್ಟಿಸ್ಕೊಂಡು ಬಂದ್ಯಲ್ಲ, ಆಗ ತಲೆ ಮೇಲೆ ಏನಿತ್ತೋ?"

ಅವನು ನಗುವುದಿಲ್ಲ. "ಊರವರ ಮುಂದೆ, ದೊಡ್ಡಮ್ಮಾ. ಒಂದೇ ಒಂದ್ಸಲ ಗೆಲ್ಬೇಕು."

ನಿಲ್ಡಾ ಕೈ ಒರೆಸಿಕೊಳ್ಳುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. "ಕೊನೇ ಮೂರು ಸುತ್ತಿನವರೆಗೂ ಐದನೇದರಲ್ಲೇ ಇರು. ಆಗ ಇಂಜಿನ್ ತಣ್ಣಗಿದ್ರೆ ಟ್ರ್ಯಾಕ್ ಪಕ್ಕದ ಗೋಡೆ ಹತ್ರ ನಿಂತು ನನ್ನ ಏಪ್ರನ್ ಬೀಸ್ತೀನಿ. ಬೀಸಿದ್ರೆ ಹೋಗು. ಇಲ್ದಿದ್ರೆ ಬಾಯ್ಮುಚ್ಕೊಂಡು ಮನೆಗೆ ಬಾ."

ನಿಮಗೇನು ಬೇಕು ಎಂದು ಕೇಳುತ್ತೇನೆ.

"ನಂಗಾ?" ಈ ಪ್ರಶ್ನೆ ಯಾರೂ ಕೇಳಿಲ್ಲವೆಂಬಂತೆ ಸ್ಪ್ಯಾನರ್ ಕೆಳಗಿಡುತ್ತಾರೆ. "ಕಾರು ಕೊನೆ ಮುಟ್ಟಿದ್ರೆ ಸಾಕು ಅಂತ ಎಲ್ರಿಗೂ ಹೇಳ್ತೀನಿ. ಕಣ್ಣು ಮುಚ್ಚಿದ್ರೆ ನನ್ನ ಕಿವಿಗೆ ಸೈರನ್ನೇ ಕೇಳ್ಸುತ್ತೆ."

ಬಿಸಿ ಬ್ರೆಡ್ಡಿನ ಚೀಲ ಹಿಡಿದು ಓಸ್ಮಾರ್ ಬಾಗಿಲಲ್ಲಿ ನಿಂತಿದ್ದಾರೆ. ನಿಲ್ಡಾ ಮೊಳೆಯಿಂದ ಹಿಡಿಕೆ ತೆಗೆದು, ಧೂಳು ಊದಿ, ಗಂಡನ ಕೈಗಿಡುತ್ತಾರೆ.

"ತಗೋ ಮುದುಕಾ. ಕೊನೇ ಬಾವುಟ ಬೀಸಿದ್ಮೇಲೆ ಮಾತ್ರ."